ಮನುಷ್ಯರ ಬಣ್ಣ

ಕಪ್ಪು ಮಾಡಿ ಎಂದು ಇದುವರೆಗೆ ಒಬ್ಬ ಗಿರಾಕಿಯೂ ಮಹೇಶ್‌ಕುಮಾರನನ್ನು ಕೇಳಿದ್ದಿಲ್ಲ. ಹುಣಸೂರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟ ದಿನದಿಂದ ಅವನದು ಒಂದೇ ಕಸುಬು, ಬೆಳ್ಳಗೆ ಮಾಡುವುದು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಬೆಂಕಿಯ ಮುಂದೆ ಬೆಂದ ಮುಖ, ಶುಂಠಿ ಹೊಲದಲ್ಲಿ ಒಣಗಿದ ಮುಖ, ಪಿರಿಯಾಪಟ್ಟಣದ ಮುಖ, ಕೋಟೆ ಕಡೆಯ ಮುಖ, ಎಲ್ಲವೂ ಮೌಸಿನ ಒಂದು ಎಳೆತಕ್ಕೆ ಮೈದಾ ಹಿಟ್ಟಿನ ಬಣ್ಣಕ್ಕೆ ತಿರುಗಿ, ಅವನಲ್ಲಿ ಸಿದ್ಧವಾಗಿರುವ ಕೋಟು ಟೈಗಳ ಮೈಯ ಮೇಲೆ ಕೂತು, ‘ಶುಭ ಕೋರುವವರು’ ಎಂಬ ಸಾಲಿನಲ್ಲಿ ಕೈ ಮುಗಿದು ನಿಲ್ಲುತ್ತವೆ. ಬೆನ್ನ ಹಿಂದೆ ನಿಂತವರು, "ಇನ್ನೊಂಚೂರು ಬೆಳ್ಳಗ್ ಮಾಡಪ್ಪ, ನಿನ್ ಗಂಟೇನೋಯ್ತದೆ" ಅನ್ನುತ್ತಾರೆ. ಗಂಟೇನೂ ಹೋಗುವುದಿಲ್ಲ, ಮಾಡುತ್ತಾನೆ. ಅಂಥದ್ದರಲ್ಲಿ ಇವತ್ತು ಬೆಳಿಗ್ಗೆ ಅಂಗಡಿಯ ಕಸ ಕೂಡ ಗುಡಿಸಿಲ್ಲ, ಕಟ್ಟೆಮಳಲವಾಡಿಯ ದೇವರಾಜು ಫೋನ್ ಮಾಡಿದ. "ಮಹೇಸಣ್ಣ, ನಮ್ ತಂಗಿ ವಾಣಿಶ್ರೀ ಮಹಿಳಾ ಡೈರಿಗೆ ಅಧ್ಯಕ್ಷೆ ಆಗವ್ಳೆ. ಊರ್ ಬಾಗ್ಲಿಗೆ ಒಂದ್ ದೊಡ್ ಫ್ಲೆಕ್ಸ್ ಆಗ್ಬೇಕು. ಫೋಟೋ ಕಳ್ಸಿವ್ನಿ ನೋಡಿ. ಅವ್ಳು ಉಟ್ಟುದ್ ದಿನ್ದಿಂದ್ಲೂ ಒಸಿ ಬಿಳಿ. ನೀವು ಅದ್ನ... ಎಂಗೇಳದು, ಮನುಷ್ರ ಬಣ್ಣಕ್ಕೆ ತಂದ್ಬುಡಿ." ಆಯಿತು ಅಂದು ಫೋನ್ ಇಟ್ಟ ಮೇಲೂ ಮಹೇಶ್‌ಕುಮಾರ ಪೊರಕೆ ಹಿಡಿದುಕೊಂಡು ನಿಂತೇ ಇದ್ದ. ಮನುಷ್ಯರ ಬಣ್ಣವಂತೆ. ದೇವರಾಜು ಕೆಟ್ಟವನಲ್ಲ, ಕೆಟ್ಟದ್ದನ್ನು ಅಂದೂ ಇರಲಿಲ್ಲ. ಆದರೂ ಪೊರಕೆಯನ್ನು ಮೂಲೆಗೆ ಎಸೆದು ಅವನು ಕುರ್ಚಿಯ ಮೇಲೆ ಕೂತ.

ಫೋಟೋ ತೆರೆದುಕೊಂಡಿತು. ಸೀರೆ ಉಟ್ಟ ಹೆಂಗಸು, ಮೂವತ್ತರ ಒಳಗಿನ ವಯಸ್ಸು. ಮುಖ ಬೆಳ್ಳಗೆ, ಮೂಗಿನ ತುದಿ ಮತ್ತು ಕೆನ್ನೆ ಕೆಂಪಗೆ. ಹುಬ್ಬು, ರೆಪ್ಪೆ, ಕೂದಲು ಮುಸುಕಿನ ಜೋಳದ ತೆನೆಯ ಎಳೆಗಳ ಬಣ್ಣ. ಬಿಸಿಲಲ್ಲಿ ನಿಲ್ಲಿಸಿ ತೆಗೆದದ್ದಿರಬೇಕು, ಕಣ್ಣು ಹಿಂಡಿಕೊಂಡಿದ್ದಳು. ಮಹೇಶ್‌ಕುಮಾರನಿಗೆ ಮೊದಲು ಬಂದದ್ದು ಭಯ. ಅಯ್ಯೋ ಶಿವನೇ, ಅನುಶ್ರೀ ದೊಡ್ಡವಳಾಗಿಬಿಟ್ಟಳು ಅನ್ನಿಸಿತು ಅವನಿಗೆ. ಅವನ ಮಗಳು ಅನುಶ್ರೀಗೆ ಇನ್ನೂ ವರ್ಷವೇ ತುಂಬಿಲ್ಲ, ಬರುವ ಭಾನುವಾರ ತುಂಬುತ್ತದೆ. ಇಂಥ ಬಣ್ಣದವರು ಅವಳೊಬ್ಬಳೇ ಎಂದು ಅವನು ಇಷ್ಟು ದಿನ ನಂಬಿಕೊಂಡಿದ್ದ. ಮೈಸೂರಿನ ಡಾಕ್ಟರು ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿದ್ದರು, ಹೆಸರಿದೆ ಅಂದ ಮೇಲೆ ಬೇರೆಯವರೂ ಇರಲೇಬೇಕು. ಆದರೆ ಅವತ್ತು ಅವನ ತಲೆಗೆ ಹೊಕ್ಕದ್ದು ಆ ಹೆಸರಲ್ಲ, ಅದಕ್ಕೆ ಮುಂಚೆ ಅವರು ಕೇಳಿದ ಪ್ರಶ್ನೆ. "ಸಂಬಂಧದಲ್ಲೇ ಮದುವೇನಾ?" ಹೌದು ಸರ್, ಅಕ್ಕನ ಮಗಳು, ಅಂದಿದ್ದ. ಡಾಕ್ಟರು ಬೈಯಲಿಲ್ಲ, ಬರೆದುಕೊಂಡರು ಅಷ್ಟೆ. ಪಕ್ಕದಲ್ಲಿ ನಿಂತಿದ್ದ ನರ್ಸು ಮಾತ್ರ ‘ಗೊತ್ತಿತ್ತು’ ಅನ್ನುವ ಹಾಗೆ ತಲೆ ಆಡಿಸಿದಳು. ಆ ತಲೆ ಈಗಲೂ ಒಮ್ಮೊಮ್ಮೆ ಅವನ ಮುಂದೆ ಆಡುತ್ತದೆ, ಊಟಕ್ಕೆ ಕೂತಾಗ, ಗಿರಾಕಿ ಚೌಕಾಸಿ ಮಾಡುವಾಗ.

ಕೂಸು ಹುಟ್ಟಿದ ದಿನ ಮಾತ್ರ ಮನೆಯಲ್ಲಿ ಹಬ್ಬ. ಅವನ ತಾಯಿ ಪುಟ್ಟಸಿದ್ದಮ್ಮ ಸರಗೂರಿನ ಶೆಟ್ಟರ ಅಂಗಡಿಯಿಂದ ಕೇಸರಿ ತರಿಸಿ, ಸೊಸೆ ಮಾನಸ ಬಸುರಿಯಾಗಿದ್ದಷ್ಟು ಕಾಲವೂ ಅದನ್ನು ಹಾಲಿಗೆ ಹಾಕಿ ಬಾಯಿಗೆ ಹಿಡಿದು ಕುಡಿಸಿದ್ದಳು. ಮಗು ಬೆಳ್ಳಗೆ ಹುಟ್ಟಲಿ ಎಂದು. ಹುಟ್ಟಿತಲ್ಲ! ವಾರ್ಡಿನ ಬಾಣಂತಿಯರಿಗೆಲ್ಲ ಸಕ್ಕರೆ ಹಂಚುತ್ತ, "ನೋಡ್ರವ್ವ, ಕೇಸ್ರಿ ಆಲು ಎಂಗ್ ಇಡ್ದದೆ ನೋಡ್ರಿ, ದೊರೆ ಮಗ್ಳಂಗವ್ಳೆ ನನ್ ಮೊಮ್ಮಗ್ಳು" ಎಂದು ಮೆರೆದದ್ದೇ ಮೆರೆದದ್ದು. ಆಮೇಲೆ ಮಗುವಿನ ಕಣ್ಣು ನಿಂತಲ್ಲಿ ನಿಲ್ಲದೆ ಅದುರುವುದು ಕಂಡಿತು. ಬಾಗಿಲ ಬೆಳಕಿಗೆ ಹಿಡಿದರೆ ಕಿರುಚಿ ಮುಖ ಮುಚ್ಚಿಕೊಳ್ಳುವುದು ಕಂಡಿತು. ಪುಟ್ಟಸಿದ್ದಮ್ಮ ಒಂದೇ ಏಟಿಗೆ ಕುಗ್ಗಿದಳು. ಪಾಪದ ಹೆಂಗಸು, ಕೇಸರಿ ಹೆಚ್ಚಾಗಿ ಹೀಗಾಯಿತು, ತನ್ನ ಕೈಯೇ ಮಗುವಿನ ಬಣ್ಣ ತಿಂದಿತು ಅಂದುಕೊಂಡಳು. ಅಲ್ಲ ಕಣವ್ವ ಎಂದು ಹೇಳಬಹುದಿತ್ತು, ಡಾಕ್ಟರು ಹೇಳಿದ್ದು ಅವನಿಗೆ ಗೊತ್ತಿತ್ತು. ಹೇಳಿದರೆ ಮುಂದಿನ ಮಾತು ಸಂಬಂಧದ್ದು ಬರುತ್ತದೆ, ಆ ಸಂಬಂಧ ಮಾಡಿಸಿದವಳೂ ಅವಳೇ. ಹಾಗಾಗಿ ಅವನು ಬಾಯಿ ಬಿಡಲಿಲ್ಲ. ಅವಳೂ ಅಂದಿನಿಂದ ಮಗುವಿಗೆ ಎಣ್ಣೆ ನೀರು ಎಲ್ಲ ಮಾಡುತ್ತಾಳೆ, ಮುಖ ಮಾತ್ರ ನೋಡುವುದಿಲ್ಲ. ಇವತ್ತು ಬೆಳಿಗ್ಗೆ ರೊಟ್ಟಿ ಬಡಿಸುತ್ತ ಮಾನಸ ಕೇಳಿದ್ದಳು. ಹೆಂಡತಿಯಾದರೂ ಅವಳಿಗೆ ಅವನು ಈಗಲೂ ಮಾವನೇ. "ಮಾವ, ಊರ್ ಮಕ್ಳಿಗೆಲ್ಲ ವರ್ಷದ ಫ್ಲೆಕ್ಸ್ ಮಾಡ್ತೀಯ. ನಿನ್ ಮಗೀಗೆ ಯಾವಾಗ?" ನೋಡಾನ, ಅಂದಿದ್ದ. "ಏನ್ ನೋಡದು?" ಅಂದಿದ್ದಳು. ಅವನು ಚಪ್ಪಲಿ ಮೆಟ್ಟಿ ಬಂದಿದ್ದ. ಬೀದಿ ಬಾಗಿಲಲ್ಲಿ ಅನುಶ್ರೀಯ ಮುಖ ಹತ್ತಡಿ ಅಗಲಕ್ಕೆ ನಿಲ್ಲುವುದನ್ನು ದಾರಿಯುದ್ದಕ್ಕೂ ನೆನೆಸಿಕೊಂಡಿದ್ದ. ಹೋಗುವವರು ಬರುವವರು ನಿಂತು ನೋಡುತ್ತಾರೆ, ಏನಿದು ಅನ್ನುತ್ತಾರೆ, ಯಾರದು ಅನ್ನುತ್ತಾರೆ.

ಕೆಲಸ ಕೆಲಸವೇ. ಮೊದಲು ಹುಬ್ಬಿಗೆ ಕಪ್ಪು ಹಾಕಿದ. ಆಮೇಲೆ ರೆಪ್ಪೆಗೆ. ಇನ್ಯಾರದೋ ಜಡೆ ತಂದು ತಲೆಗೆ ಕೂರಿಸಿದ. ಬಣ್ಣ ಏರಿಸಿ ಇಳಿಸುವ ಗೀಟನ್ನು ಬಲಕ್ಕೆ ಎಳೆಯುವ ಬದಲು ಎಡಕ್ಕೆ ಎಳೆದ, ಬೆರಳಿಗೆ ಅಭ್ಯಾಸವಿಲ್ಲದ ದಿಕ್ಕು ಅದು. ಎಳೆಯುತ್ತ ಹೋದಂತೆ ವಾಣಿಶ್ರೀ ಎಂಬ ಹೆಂಗಸು ಅಲ್ಲಿಂದ ಎದ್ದು ಹೋಗುತ್ತಿರುವ ಹಾಗಿತ್ತು. ಕೆನ್ನೆಯ ಕೆಂಪು ಹೋಯಿತು. ತುಟಿಯ ಮೇಲೆ ಕಂಡೂ ಕಾಣದಂತಿದ್ದ ಬಂಗಾರದ ನವಿರು ಹೋಯಿತು. ಹಣೆಯ ಮೇಲೆ, ಬಿಸಿಲಿಗೆ ಸುಟ್ಟು ಕಲೆಯಾದ ಒಂದು ಜಾಗವಿತ್ತು, ಅದೂ ಹೋಯಿತು. ಕೊನೆಗೆ ಪರದೆಯ ಮೇಲೆ ಉಳಿದದ್ದು ಯಾವ ಊರಿನ ಯಾವ ಮನೆಯಲ್ಲಾದರೂ ಇರಬಹುದಾದ ಒಬ್ಬಳು. ಚೆನ್ನಾಗಿಯೇ ಬಂದಿತ್ತು. ಅವನಿಗೆ ಕಸುಬಿನ ಹೆಮ್ಮೆ ಒಂದು ಗಳಿಗೆ ಬಂತು, ಬಂದದ್ದಕ್ಕೆ ನಾಚಿಕೆಯೂ ಬಂತು. ಯಾಕೆಂದರೆ ಅದೇ ಗಳಿಗೆಯಲ್ಲಿ ಅವನ ತಲೆಯಲ್ಲಿ ಓಡಿದ್ದು ಭಾನುವಾರದ ವಿಚಾರ. ಅನುಶ್ರೀಗೂ ಹೀಗೇ ಮಾಡಬಹುದಲ್ಲ. ಸಣ್ಣ ಮಗು, ಇನ್ನೂ ಸುಲಭ. ಯಾರಿಗೆ ಗೊತ್ತಾಗುತ್ತದೆ? ಥೂ ನಿನ್ನ ಎಂದು ತನಗೇ ಅಂದುಕೊಂಡ, ಬಾಯಿ ಬಿಟ್ಟೇ ಅಂದುಕೊಂಡ. ಆದರೆ ಆ ವಿಚಾರ ಹೋಗಲಿಲ್ಲ.

ಆಗಲೇ ಬಾಗಿಲಲ್ಲಿ ಕೊಡೆ ಮಡಚುವ ಸದ್ದಾಯಿತು. ದೇವರಾಜು ಮೊದಲು ಒಳಗೆ ಬಂದ, ಮೆಟ್ಟಿಲು ಹತ್ತಿದವನ ಹಾಗಲ್ಲ, ಎಳೆಸಿಕೊಂಡು ಬಂದವನ ಹಾಗೆ. ಅವನ ಹಿಂದೆ ಅವಳು. ಸೀರೆಯ ಮೇಲೆ ಗಂಡಸರ ತುಂಬು ತೋಳಿನ ಶರ್ಟು, ತಲೆಗೆ ಟೋಪಿ, ದಪ್ಪ ಗಾಜಿನ ಕಪ್ಪು ಕನ್ನಡಕ. "ಇವ್ನು ಬ್ಯಾಡ ಬ್ಯಾಡ ಅಂದ್ರೂ ನಾನೇ ಬಂದೆ ಕಣ್ರಪ್ಪ. ನನ್ ಫ್ಲೆಕ್ಸ್ನ ನಾನ್ ನೋಡ್ದೆ ಇನ್ಯಾರ್ ನೋಡಾರು" ಎಂದು ಕನ್ನಡಕ ಬದಲಿಸಿ, ಕುರ್ಚಿ ಎಳೆದು, ಮೂಗು ಪರದೆಗೆ ತಾಗುವಷ್ಟು ಹತ್ತಿರಕ್ಕೆ ಮುಖ ತಂದಳು. ಮಹೇಶ್‌ಕುಮಾರನಿಗೆ ಅಡ್ಡ ಬರುವಷ್ಟು ಹೊತ್ತೂ ಸಿಗಲಿಲ್ಲ. ಅವಳು ಎಡದ ಮೂಲೆಯಿಂದ ಶುರುಮಾಡಿ ಊರಿನ ಹೆಸರು, ದೇವರ ಚಿತ್ರ, ಹಾಲಿನ ಕ್ಯಾನು, ಶುಭ ಕೋರುವವರ ಸಾಲು, ಒಂದೊಂದನ್ನೇ ಸವರಿಕೊಂಡು ಹೋಗುವ ಹಾಗೆ ನೋಡುತ್ತ ಬಂದಳು. ಕಣ್ಣುಗಳು ಅದುರುತ್ತಿದ್ದವು, ಅನುಶ್ರೀಯ ಕಣ್ಣಿನ ಹಾಗೆಯೇ. ಇಷ್ಟು ಅದುರುವ ಕಣ್ಣಲ್ಲಿ ಇಷ್ಟು ತಾಳ್ಮೆ ಇರಬಹುದು ಎಂದು ಅವನಿಗೆ ಗೊತ್ತಿರಲಿಲ್ಲ. ನಡುವಿನ ದೊಡ್ಡ ಮುಖಕ್ಕೆ ಬಂದಾಗ ಅವಳ ನೋಟ ನಿಂತಿತು.

"ಇವ್ಳ್ಯಾರು?"

ಮಹೇಶ್‌ಕುಮಾರ ಮೌಸಿನಿಂದ ಕೈ ತೆಗೆದ. ದೇವರಾಜು ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

"ಅಲ್ಲ, ಎಣ್ಣು ಚೆನ್ನಾಗವ್ಳೆ. ಯಾವೂರು? ನಮ್ ದೇವ್ರಾಜಂಗೆ ಕೇಳಾನ ಅಂತ." ಅವಳು ನಕ್ಕಳು, ಆದರೆ ನಗು ಬೇಗ ಮುಗಿಯಿತು. "ಏನಣ್ಣ ಇದು?"

ದೇವರಾಜು ಗೋಡೆಯ ಮೇಲಿನ ಯಾವನೋ ಎಂಎಲ್‌ಎ ಟಿಕೆಟ್ ಆಕಾಂಕ್ಷಿಯ ಕಡೆ ನೋಡುತ್ತ, "ಅಂಗಲ್ಲ ಕಣವ್ವ. ನಾಳೆ ನಾಡಿದ್ದು ಎಣ್ಣಿನ್ ಕಡೇರು ನಮ್ ಮನೆ ನೋಡಕ್ ಬತ್ತಾರೆ. ಊರ್ ಬಾಗ್ಲಲ್ಲೇ..." ಎಂದು ನಿಲ್ಲಿಸಿದ.

"ಊರ್ ಬಾಗ್ಲಲ್ಲಿ ಇವ್ಳ್ನ ನೋಡಿ, ಮನೇಲಿ ನನ್ ನೋಡುದ್ರೆ ಏನಂತಾರೋ? ಇಬ್ರು ತಂಗೀರು ಅವ್ರೆ, ಒಬ್ಳು ಫ್ಲೆಕ್ಸಿಗೆ ಒಬ್ಳು ಮನೇಗೆ ಅಂತೀಯಾ?" ಅಂದಳು. ದನಿ ಏರಿಸಲಿಲ್ಲ. ಅಣ್ಣನ ಕೈಯನ್ನು ಹುಡುಕಿ ಹಿಡಿದು, "ಓಗು, ಬೂಸಾ ತಗೊಂಡು ಬಾ. ನಾ ಬಸ್ಸಲ್ಲಿ ಓಯ್ತೀನಿ. ನಿನ್ಮ್ಯಾಲೆ ಸಿಟ್ಟಿಲ್ಲ ಕಣೋ. ಇದ್ರೂ ಸಂಜೆ ಆಲು ಕರ್ಯಾಗಂಟ ಇರ್ತದೆ, ಅಷ್ಟೆ" ಅಂದಳು. ದೇವರಾಜು ತಲೆ ತಗ್ಗಿಸಿಕೊಂಡು ಹೋದ. ಅಷ್ಟು ದೊಡ್ಡ ಗಂಡಸು ಅಷ್ಟು ಚಿಕ್ಕವನಾಗಿ ಮೆಟ್ಟಿಲಿಳಿದದ್ದನ್ನು ನೋಡಿ ಮಹೇಶ್‌ಕುಮಾರನಿಗೆ ತಾನೂ ಅವನ ಹಿಂದೆಯೇ ಇಳಿದು ಹೋದರೆ ಚೆನ್ನಾಗಿತ್ತು ಅನ್ನಿಸಿತು.

"ಮೊದ್ಲಿದ್ದಂಗೆ ಮಾಡಿ" ಅಂದಳು. ಅವನು ಮಾಡಿದ್ದನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತೆಗೆಯತೊಡಗಿದ. ಜಡೆ ಹೋಯಿತು. ಹುಬ್ಬು ಜೋಳದ ಬಣ್ಣಕ್ಕೆ ಬಂತು. ಕೆನ್ನೆಗೆ ಕೆಂಪು, ಹಣೆಗೆ ಕಲೆ. ಪಕ್ಕದಲ್ಲಿ ಅವಳು ಉಸಿರಾಡುತ್ತ ಕೂತಿದ್ದಳು. ಪರದೆಯ ಮೇಲೆ ಅವಳು ಬರುತ್ತಿದ್ದಳು. ಇದುವರೆಗೆ ಸಾವಿರಾರು ಮುಖ ಮಾಡಿದವನು ಅವನು, ಯಾವ ಮುಖವೂ ಮುಟ್ಟದೆ ಬಿಟ್ಟರೆ ಇಷ್ಟು ಚೆನ್ನಾಗಿರುತ್ತದೆ ಎಂದು ಅನ್ನಿಸಿದ್ದಿಲ್ಲ. ಡೈರಿ ಚುನಾವಣೆಯಲ್ಲಿ ಗೆದ್ದದ್ದು ಹೇಗೆ ಎಂದು ಕೇಳಿದ, ಸುಮ್ಮನೆ ಕೂತರೆ ಬೇರೇನೋ ಬಾಯಿಗೆ ಬಂದುಬಿಡುತ್ತದೆಂದು. ಅವಳು ಹೇಳಿದಳು. ಎದುರಿಗೆ ನಿಂತವರು ಮನೆಮನೆಗೆ ಹೋಗಿ, ಕಣ್ಣು ಕಾಣದವಳ ಕೈಗೆ ಡೈರಿ ಕೊಡುತ್ತೀರಾ ಅಂದರಂತೆ. "ನಾನು ಸಭೇಲಿ ಎದ್ ನಿಂತ್ಕಂಡು ಏಳ್ದೆ. ಔದು ಕಣ್ರವ್ವ, ನಂಗೆ ಕಣ್ಣು ಕಮ್ಮಿ. ಅದ್ಕೇ ಎಲ್ಲಾನೂ ಅತ್ರ ಬಂದು ನೋಡ್ತೀನಿ. ಇಷ್ಟು ವರ್ಸ ದೂರ್ದಿಂದ ನೋಡ್ದೋರು ನಿಮ್ಗೇನ್ ಮಾಡವ್ರೆ? ಅಂದೆ. ಎಂಗಸ್ರೆಲ್ಲ ನಕ್ಬುಟ್ರು. ನಕ್ಕೋರು ಓಟಾಕ್ತಾರೆ." ಸ್ಕೂಲಿನಲ್ಲಿ ಬಿಳಿ ಜಿರಲೆ ಅನ್ನುತ್ತಿದ್ದರಂತೆ. ಬೋರ್ಡು ಕಾಣದೆ ಮುಂದೆ ಹೋಗಿ ನಿಂತರೆ ಮೇಷ್ಟ್ರು, ಹಿಂದಿನವರಿಗೆ ಕಾಣಲು ನೀನೇನು ಗಾಜಾ ಅನ್ನುತ್ತಿದ್ದರಂತೆ. ಹೇಳುವಾಗ ಅವಳ ಮುಖದಲ್ಲಿ ನೋವಿತ್ತು, ಅದನ್ನು ಅವಳು ಮುಚ್ಚಿಕೊಳ್ಳಲೂ ಇಲ್ಲ, ತೋರಿಸಿಕೊಳ್ಳಲೂ ಇಲ್ಲ. ನನ್ನ ಮಗಳು ಹೀಗಾಗಲಿ ದೇವರೇ ಎಂದು ಮಹೇಶ್‌ಕುಮಾರನ ಮನಸ್ಸು ಅಂದುಬಿಟ್ಟಿತು. ಅಂದ ಮೇಲೆ ಬೆಚ್ಚಿದ. ಅವಳು ಹುಟ್ಟಿದಂದಿನಿಂದ ಅವನು ದೇವರಲ್ಲಿ ಬೇಡಿದ್ದು ಹೀಗಲ್ಲ, ಎಲ್ಲರ ಹಾಗಾಗಲಿ ಎಂದು.

ಕೇಳಬೇಕು. ಈಗ ಬಿಟ್ಟರೆ ಇನ್ನಿಲ್ಲ. ನಾಲಿಗೆ ಒಣಗಿತ್ತು. ಡಾಕ್ಟರು ಹೇಳಿದ್ದು ಗೊತ್ತಿದ್ದರೂ ಅವ್ವನ ಮಾತನ್ನೇ ಮುಂದಿಟ್ಟ. "ಮೇಡಂ, ಒಂದ್ ಎಣ್ ಮಗ ಐತೆ. ಇಂಗೇ... ನಿಮ್ಮಂಗೇ. ಕೇಸ್ರಿ ಆಲು ಜಾಸ್ತಿ ಕುಡ್ಸುದ್ರೆ ಇಂಗಾಯ್ತದಾ?"

ಅವಳು ಅವನ ಕಡೆ ತಿರುಗಿದಳು. "ಕೇಸ್ರಿನಾ? ನಮ್ಮವ್ವ ಕೇಸ್ರಿಯ ಕಣ್ಣಲ್ ಕಂಡೇ ಇರ್ನಿಲ್ಲ ಕಣಪ್ಪ. ಮುದ್ದೆ ಉಪ್ಸಾರು ತಿಂದು ಎತ್ತುದ್ಲು ನನ್ನ. ಇದು ಅಪ್ಪನ ಒಳ್ಗೂ ಇರ್ಬೇಕು ಅವ್ವನ ಒಳ್ಗೂ ಇರ್ಬೇಕು, ಇದ್ದು ಕಾಣ್ದಂಗಿರ್ತದೆ. ಎರಡೂ ಸೇರಿ ಮಗೀಗೆ ಬಂದಾಗ ಇಂಗೆ. ಕೊಟ್ಟೋರು ಇಬ್ರು, ಇಸ್ಕಂಡೋಳು ಒಬ್ಳು. ಯಾರ್ ತಪ್ಪೂ ಅಲ್ಲ." ಆಮೇಲೆ ಬಿಸಿಲಿಗೆ ಟೋಪಿ, ತುಂಬು ತೋಳು, ಕಣ್ಣಿನ ಡಾಕ್ಟರಿಗೆ ಬೇಗ ತೋರಿಸುವುದು, ಸ್ಕೂಲಲ್ಲಿ ಮುಂದಿನ ಬೆಂಚು, ಎಲ್ಲ ಹೇಳಿದಳು. ಹೇಳಿ, "ಯಾರ್ ಮಗೀಪ್ಪ ಅದು?" ಅಂದಳು.

"ಗಿರಾಕೀದು" ಅಂದ ಮಹೇಶ್‌ಕುಮಾರ.

ಅಷ್ಟು ಸಲೀಸಾಗಿ ಬಂತು ಆ ಮಾತು. ಅವಳು ಊಂ ಅಂದಳು, ಟೋಪಿ ಹಾಕಿಕೊಂಡಳು, ಕೊಡೆ ಬಿಚ್ಚಿದಳು, ಸಂಜೆಯೊಳಗೆ ಪ್ರಿಂಟು ಕಳಿಸಿ ಎಂದು ಮೆಟ್ಟಿಲನ್ನು ಕಾಲಿನಿಂದ ತಡವಿ ಇಳಿದು ಹೋದಳು. ಅವನು ಕೂತೇ ಇದ್ದ. ಗಿರಾಕೀದು. ರೊಟ್ಟಿ ಬಡಿಸಿದ ಮಾನಸಳ ಕೈ ನೆನಪಾಯಿತು, ಏನ್ ನೋಡದು ಅಂದ ಅವಳ ದನಿ. ದೇವರಾಜು ತಂಗಿಯ ಬಣ್ಣವನ್ನಷ್ಟೇ ಅಡಗಿಸಲು ಹೋಗಿದ್ದ, ತಂಗಿ ಅಲ್ಲ ಅಂದಿರಲಿಲ್ಲ. ತಾನು ಮಗಳನ್ನೇ ಅಲ್ಲ ಅಂದೆ. ಯಾರ ಮುಂದೆ? ಇಡೀ ತಾಲ್ಲೂಕಿನಲ್ಲಿ ಆ ಮಗುವನ್ನು ನೋಡಿ ಹೆದರದ ಒಬ್ಬಳೇ ಒಬ್ಬಳ ಮುಂದೆ. ಇದಕ್ಕಿಂತ ದಡ್ಡತನ ಉಂಟೇ! ಅವನಿಗೆ ಇದ್ದಕ್ಕಿದ್ದಂತೆ ತನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ಅಂಗಡಿಗೆ ಬಾಗಿಲು ಹಾಕದೆ, ಚಪ್ಪಲಿಯನ್ನೂ ಮೆಟ್ಟದೆ ಬಸ್ ಸ್ಟ್ಯಾಂಡಿನ ಕಡೆ ಓಡಿದ.

ಬಸ್ಸು ತುಂಬಿತ್ತು, ಡ್ರೈವರು ಹತ್ತಿ ಕೂತಿದ್ದ. ನೆರಳಿದ್ದ ಕಡೆಯ ಕಿಟಕಿಯಲ್ಲಿ ಅವಳ ಟೋಪಿ ಕಂಡಿತು. ಅವನು ಕಿಟಕಿಯ ಸರಳು ಹಿಡಿದು, "ಅಕ್ಕಾ" ಅಂದ. ಮೇಡಂ ಎಂಬುದು ಎಲ್ಲಿಗೆ ಹೋಯಿತೋ. "ಅಕ್ಕಾ, ಆ ಮಗ ಗಿರಾಕೀದಲ್ಲ. ನಂದು. ನನ್ ಮಗ್ಳು." ಹಿಂದಿನ ಸೀಟಿನವರು ಬಗ್ಗಿ ನೋಡಿದರು, ಸೊಪ್ಪಿನ ಮಂಕರಿ ಇಟ್ಟುಕೊಂಡಿದ್ದ ಮುದುಕಿ ಕತ್ತು ಚಾಚಿದಳು. ವಾಣಿಶ್ರೀ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಗೊತ್ತಿತ್ತು ಕಣಪ್ಪ. ಗಿರಾಕಿ ಮಗೀಗೆ ಯಾರ್ ಅಂಗ್ ನಾಲ್ಗೆ ಒಣಗಿಸ್ಕತಾರೆ?" ಅಂದಳು. "ಏನೆಸ್ರು?"

"ಅನುಶ್ರೀ."

"ಎಲ್ಲಿ, ಫೋಟೋ ತೋರ್ಸು."

ಅವನು ಫೋನ್ ತೆಗೆದ. ಬೆರಳಿನಿಂದ ಸರಿಸಿದ. ಮೂರು ತಾಲ್ಲೂಕಿನ ಮುಖಗಳು ಒಂದರ ಹಿಂದೊಂದು ಬಂದವು. ಮದುಮಕ್ಕಳು, ಸತ್ತವರು, ಗೆದ್ದವರು, ಸೋತವರು, ಊರಿನ ಮಕ್ಕಳೆಲ್ಲ ಕಿರೀಟ ಇಟ್ಟುಕೊಂಡು ಕೇಕಿನ ಮುಂದೆ. ಇನ್ನೂ ಸರಿಸಿದ. ಕೊನೆಗೊಂದು ಸಿಕ್ಕಿತು, ಲಸಿಕೆ ಹಾಕಿಸಲು ಹೋದಾಗ ಮಾನಸ ತೆಗೆದದ್ದು, ಉಣ್ಣೆಯ ಟೋಪಿ, ಮೂಗಿನ ತನಕ ಶಾಲು. ಅವಳು ಫೋನನ್ನು ಕಣ್ಣಿಗೆ ಹಿಡಿದು ನೋಡಿದಳು. "ಟೋಪಿ ಚೆನ್ನಾಗೈತೆ. ಮಗ ಎಲ್ಲಿ?" ಅಂದಳು. ಅವನು ಇಲ್ಲ ಎಂದು ತಲೆ ಆಡಿಸಿದ, ಅದು ಅವಳಿಗೆ ಕಾಣಲಿಲ್ಲ ಎಂದು ಗೊತ್ತಾಗಿ, "ಇಲ್ಲ ಕಣಕ್ಕ, ತೆಗ್ದಿಲ್ಲ" ಎಂದು ಬಾಯಲ್ಲಿ ಹೇಳಬೇಕಾಯಿತು. ಅದನ್ನು ಹೇಳಿದ್ದು ಅವನ ಜನ್ಮದಲ್ಲೇ ಕಷ್ಟದ ಮಾತು.

ಅವಳು ಬೈಯುತ್ತಾಳೆ ಅಂದುಕೊಂಡ. ಬೈಯಲಿಲ್ಲ. "ಬಿಸ್ಲಲ್ಲಿ ತೆಗೀಬ್ಯಾಡ, ಕಣ್ ಮುಚ್ಕತಾಳೆ. ಬಾಗ್ಲು ವಾರೆ ಮಾಡಿ ನೆಳ್ಳಲ್ಲಿ ಕೂರ್ಸು. ಒಸಿ ಒತ್ತು ಸುಮ್ನಿರು. ಆಗ ಕಣ್ ಬುಡ್ತಾಳೆ. ನಮ್ಮಪ್ಪಂಗೆ ಯಾರೂ ಏಳ್ಕೊಡ್ನಿಲ್ಲ ಇದ್ನ. ನಾನು ಮಗ ಆಗಿದ್ದಾಗ ಎಂಗಿದ್ದೆ ಅಂತ ನೋಡಕ್ಕೆ ನಂಗೆ ಒಂದ್ ಫೋಟೋನೂ ಇಲ್ಲ ಕಣಪ್ಪ." ಕಂಡಕ್ಟರ್ ಶಿಳ್ಳೆ ಹೊಡೆದ. ಅವಳು ಕೈಯನ್ನು ಸರಳಿನ ಹೊರಗೆ ಚಾಚಿ ಅವನ ತಲೆ ಇರಬಹುದಾದ ಜಾಗವನ್ನು ಹುಡುಕಿ ಮುಟ್ಟಿದಳು. ಬಸ್ಸು ಹೊರಟಿತು.

ಮನೆಯಲ್ಲಿ ಪುಟ್ಟಸಿದ್ದಮ್ಮ ಅಡುಗೆಮನೆಯ ಹೊಸಲಲ್ಲಿ ಸೊಪ್ಪು ಸೋಸುತ್ತಿದ್ದಳು. ಮಾನಸ ಏನಾಯಿತು ಮಾವ ಅಂದಳು, ಅವನು ಬಾಗಿಲು ವಾರೆ ಮಾಡಿ, ಚಾಪೆ ಹಾಸಿ, ಅನುಶ್ರೀಯ ಟೋಪಿ ತೆಗೆದು ಕೂರಿಸಿ ಅವಳ ಎದುರು ಹೊಟ್ಟೆಯ ಮೇಲೆ ಮಲಗಿದ. ಕಾದ. ಮಗು ಮೊದಲು ಮುಖ ಹಿಂಡಿತು. ಆಮೇಲೆ ಹುಬ್ಬು ಸಡಿಲವಾಯಿತು. ಬಿಳಿಯ ರೆಪ್ಪೆಗಳು ಮೇಲೆ ಹೋದವು. ಕಣ್ಣು ಬೂದಿಯೂ ಅಲ್ಲ ನೀಲಿಯೂ ಅಲ್ಲ, ಅಗಲ, ಕೊನೆಯಲ್ಲಿ ಒಂಚೂರು ಇಳಿಜಾರು. ಅವು ಅತ್ತಿತ್ತ ಅದುರುತ್ತಲೇ ಅವನನ್ನು ಹುಡುಕಿ, ಸಿಕ್ಕ ಮೇಲೆ ನಕ್ಕವು. ಇಷ್ಟು ಚೆಂದದ ಮಗಳನ್ನು ಒಂದು ದಿನವೂ ನೆಟ್ಟಗೆ ನೋಡಲಿಲ್ಲವಲ್ಲ ಎಂದು ಮಹೇಶ್‌ಕುಮಾರನಿಗೆ ಅಳು ಒತ್ತಿ ಬಂತು. "ಮಾವ, ಒತ್ತು, ಎದ್ಬುಡ್ತಾಳೆ" ಎಂದು ಮಾನಸ ಪಿಸುಗುಟ್ಟಿದಳು. ಒತ್ತಿದ. ಬಂದದ್ದನ್ನು ಬಂದ ಹಾಗೆಯೇ ನೆಂಟರ ಗುಂಪಿಗೆ ಹಾಕಿ, ಕೆಳಗೆ ‘ನನ್ನ ಮಗಳು ಅನುಶ್ರೀ, ಭಾನುವಾರ ಎಲ್ಲರೂ ಬನ್ನಿ’ ಎಂದು ಬರೆದ.

ಮೊದಲು ಬಂದದ್ದು ಬೀಚನಹಳ್ಳಿಯಿಂದ ಅವನ ಅಕ್ಕ, ಮಾನಸಳ ತಾಯಿ ಚಿಕ್ಕಮಾದಮ್ಮನ ದನಿ; ಮಗುವನ್ನು ಅವಳು ನೋಡಿದ್ದೆಲ್ಲ ಟೋಪಿ ಶಾಲುಗಳ ಒಳಗೇ. ಫೋನು ಮನೆಗೆಲ್ಲ ಕೇಳುವ ಹಾಗೆ ಕೂಗಿತು. "ಅಯ್ಯೋ ನನ್ ಚಿನ್ನವೇ, ಬಾಗ್ಲಾಕಿ ಇಂಥ ಮಗ ಮಡೀಕಂಡಿದ್ರೇನ್ಲಾ! ಆ ಕಣ್ ನೋಡ್ಲಾ, ಆ ಕಣ್ಣು! ನಮ್ಮವ್ವಂದೇ ಕಣ್ಲಾ!"

ಸೊಪ್ಪು ಸೋಸುವ ಸದ್ದು ನಿಂತಿತು.

"ಏನಂದ್ಲು ಅವ್ಳು?" ಅಂದಳು ಪುಟ್ಟಸಿದ್ದಮ್ಮ.

"ಕಣ್ಣು ನಿಂದಂತೆ ಕಣವ್ವ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಎದ್ದು ಬಂದು ಚಾಪೆಯ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತಳು. ಮಗುವಿನ ಗಲ್ಲವನ್ನು ಹಸಿ ಸೊಪ್ಪಿನ ವಾಸನೆಯ ಬೆರಳಿನಿಂದ ಎತ್ತಿ, ನೆರಳಿಗೆ ತಿರುಗಿಸಿ, ಮುಖವನ್ನು ನೋಡಿದಳು. ಮಗು ಅವಳ ಮೂಗುಬೊಟ್ಟು ಹಿಡಿದು ಎಳೆಯಿತು. ಅವಳು ಬಿಡಿಸಿಕೊಳ್ಳಲಿಲ್ಲ.

"ಊಂ ಕಣ್ಲಾ" ಅಂದಳು. "ನಂದೇ."